ಬಾಗಿಲಿನ ಇನ್ನೊಂದು ತುದಿ

ಮಾರ್ಚ್ ೪

ಭಾಮೈದನೆಂಬ ಬಾಗಿಲುಗಳ್ಳನಿಗೆ,

ಕಳ್ಳರು ಬಾಗಿಲು ಮುರಿದು ಬರುತ್ತಾರೆಂದು ಕೇಳಿದ್ದೆ, ಕಿಟಕಿ ಹಾರಿ ಬರುತ್ತಾರೆಂದೂ ಕೇಳಿದ್ದೆ. ಒಳಗಿರುವುದನ್ನೆಲ್ಲ ಇದ್ದ ಹಾಗೇ ಬಿಟ್ಟು ಬಾಗಿಲನ್ನೇ ಹೊತ್ತುಕೊಂಡು ಹೋದ ಕಳ್ಳನನ್ನು ಮಾತ್ರ ನಮ್ಮ ಇನ್ಸ್‌ಪೆಕ್ಟರರು ತಮ್ಮ ಇಡೀ ಸರ್ವೀಸಿನಲ್ಲಿ ಕಂಡಿರಲಿಲ್ಲವಂತೆ.

"ಬಾಗಿಲು ತೆಗೆದು ಏನೇನು ತಗೊಂಡು ಹೋಗಿದಾರೆ ಸಾರ್?" ಅಂದರು.

"ಬಾಗಿಲನ್ನೇ ತಗೊಂಡು ಹೋಗಿದಾರೆ."

"ಅದು ಗೊತ್ತಾಯ್ತು. ಬೇರೆ?"

"ಬೇರೆ ಏನೂ ಇಲ್ಲ. ಬಾಗಿಲು."

ಪೆನ್ನು ಕೆಳಗಿಟ್ಟು ನನ್ನನ್ನು ನೋಡಿದರು. ಮನೆಯೊಳಗೆ ನುಗ್ಗಿ ಕದ್ದರೆ ಕಾನೂನಿನ ಒಂದು ಕಲಮು, ನುಗ್ಗದೆ ಕದ್ದರೆ ಇನ್ನೊಂದು ಕಲಮು. "ಕಳ್ಳ ಒಳಗೆ ಬಂದ ಅಂತ ಬರ್ಕೊಳ್ಳಲೋ, ಹೊರಗಿದ್ದ ಅಂತ ಬರ್ಕೊಳ್ಳಲೋ?" ಎಂದು ಕೇಳಿದರು. "ಬಾಗಿಲಲ್ಲೇ ಇದ್ದ ಅಂತ ಬರ್ಕೊಳ್ಳಿ" ಅಂದೆ. ಪಕ್ಕದಲ್ಲಿದ್ದ ಪೇದೆ ನಕ್ಕ. ನಾನು ನಗಲಿಲ್ಲ.

ಮಧ್ಯಾಹ್ನದ ಊಟಕ್ಕೆಂದು ಕನ್ನಡಕದ ಅಂಗಡಿ ಮುಚ್ಚಿ ಬಂದವನಿಗೆ ಕಂಡದ್ದೇನು? ನಮ್ಮ ಮನೆ ಹಲ್ಲು ಬಿದ್ದ ಬಾಯಿಯಂತೆ ತೆರೆದುಕೊಂಡಿತ್ತು. ಬೀದಿಯಲ್ಲಿ ನಿಂತವರಿಗೆಲ್ಲ ನಮ್ಮ ಹಾಸಿಗೆ, ನಮ್ಮ ಪಾತ್ರೆ, ಕುರ್ಚಿಯ ಮೇಲೆ ಒಣಗಲು ಹಾಕಿದ್ದ ನನ್ನ ಬನಿಯನ್ನು, ಎಲ್ಲದರ ಪುಕ್ಕಟೆ ಪ್ರದರ್ಶನ. ನಾನು ಒಳಗೂ ಹೋಗದೆ ನಿಂತ ಕಾಲಲ್ಲೇ ಠಾಣೆಗೆ ನಡೆದೆ. ಕೋಟೆ ಕೊಳ್ಳೆಹೋದ ಮೇಲೆ ಬಾಗಿಲು ಮುಚ್ಚಿದರಂತೆ. ನನಗೆ ಮುಚ್ಚುವುದಕ್ಕೂ ಒಂದು ಬಾಗಿಲು ಬಿಡಲಿಲ್ಲವಲ್ಲೋ ನೀನು!

ಯಾರೆಂದು ಕೇಳಿದರು. ತಕ್ಷಣ ನಿನ್ನ ಹೆಸರು ಹೇಳಿದೆ. ಕೀಲುಗಳಿಗೆ ಒಂದು ಗೀರೂ ಬೀಳದಂತೆ ಬಾಗಿಲು ಕಳಚುವುದು ಅದನ್ನು ಕೂರಿಸಿದ ಬಡಗಿಗಲ್ಲದೆ ಇನ್ನಾರಿಗೆ ಸಾಧ್ಯ? ಪೊಲೀಸರು ಬಂದಾಗ ನೀನು ನಿನ್ನ ಕಾರ್ಖಾನೆಯಲ್ಲಿ ಅದರ ಹಸಿರು ಪೇಂಟು ಕೆರೆಯುತ್ತ ಕುಳಿತಿದ್ದೆಯಂತೆ. ಓಡಿಹೋಗುವಷ್ಟು ಸೌಜನ್ಯವೂ ಇಲ್ಲ.

ಇನ್ನೊಂದು ಮಾತು. ಅಷ್ಟು ಭಾರದ ಬಾಗಿಲು ಒಬ್ಬನಿಂದ ಎತ್ತಲಾಗದು, ನೆಲದ ಮೇಲೆ ಎಳೆದ ಗುರುತೂ ಇಲ್ಲ, ಆದ್ದರಿಂದ ಇನ್ನೊಬ್ಬ ಕಳ್ಳ ಇದ್ದೇ ಇದ್ದಾನೆ ಎಂದು ಇನ್ಸ್‌ಪೆಕ್ಟರರು ಹೇಳುತ್ತಾರೆ. ಯಾರವನು? ನಿನ್ನ ಅಕ್ಕ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು, ಏನೂ ನೋಡಲಿಲ್ಲವೆಂದು ಹೇಳಿಕೆ ಕೊಟ್ಟಿದ್ದಾಳೆ. ಕೊಟ್ಟಿದ್ದಾಳೆ ಅಂದರೆ, ನಾನು ಹೇಳಿದೆ, ಅವಳು ತಲೆಯಾಡಿಸಿದಳು. ಆಘಾತಕ್ಕೆ ಪಾಪ ಅವಳ ಬಲ ಹೆಗಲು ಹಿಡಿದುಕೊಂಡಿದೆ. ದಿನಾ ನಾನೇ ಮುಲಾಮು ತಿಕ್ಕುತ್ತಿದ್ದೇನೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳಬೇಕಾದವನು ನೀನು. ನೋವು ಮಾತ್ರ ಅವಳಿಗೆ!

ಬಾಗಿಲಿಲ್ಲದ ಮನೆಯಿಂದ,
ಭಾವನೆ ಇಲ್ಲದ ನಿನ್ನ ಭಾವ

---

ಮಾರ್ಚ್ ೧೩

ಫಿರ್ಯಾದುದಾರ ಭಾವನವರ ಸನ್ನಿಧಿಗೆ,

ಕ್ಷೇಮ. ಇಲ್ಲಿ ಬಾಗಿಲುಗಳಿಗೆ ಬರವಿಲ್ಲ. ಎಲ್ಲವೂ ನೀವು ಮೆಚ್ಚುವಂಥ ಉಕ್ಕಿನವು. ಒಂದೇ ಕೊರತೆಯೆಂದರೆ ಎಲ್ಲಕ್ಕೂ ಚಿಲಕ ಹೊರಗಡೆ. ಬಾಗಿಲಿಗೆ ಒಳಗೊಂದು ಚಿಲಕವಿದ್ದರೆ ಅದು ಮನೆ, ಹೊರಗೆ ಮಾತ್ರ ಇದ್ದರೆ ಜೈಲು. ಇಷ್ಟು ತಿಳಿಯಲು ನಾನು ಇಲ್ಲಿಗೆ ಬರಬೇಕಾಯಿತು. ಕಳಿಸಿಕೊಟ್ಟದ್ದಕ್ಕೆ ವಂದನೆ.

ಕಾಲೇಜಿನ ಹಾಸ್ಟೆಲಿನಲ್ಲಿ ಒಂದೇ ಕೋಣೆಯಲ್ಲಿ ಮಲಗಿದ್ದಾಗ ನಿಮ್ಮನ್ನು "ಲೋ ಸೋಡಾಬುಡ್ಡಿ" ಎನ್ನುತ್ತಿದ್ದೆ. ಅಕ್ಕನನ್ನು ಮದುವೆಯಾದ ಮೇಲೆ "ಭಾವನಿಗೆ ಮರ್ಯಾದೆ ಕೊಡೋ" ಎಂದು ಅವಳು ಎಷ್ಟು ಹೇಳಿದರೂ ನಾಲಿಗೆ ತಿರುಗಲಿಲ್ಲ. ಈಗ ತಿರುಗಿದೆ. ಫಿರ್ಯಾದುದಾರರನ್ನು "ನೀವು" ಎನ್ನಬೇಕಂತೆ. ನೋಡಿ, ಕಾನೂನು ಎಂಥೆಂಥವರನ್ನು ತಿದ್ದುತ್ತದೆ.

ನನ್ನ ಕೋಣೆಯಲ್ಲಿ ಸೈಕಲ್ ಕದ್ದವನೊಬ್ಬ, ಜೇಬು ಕತ್ತರಿಸುವವನೊಬ್ಬ ಇದ್ದಾರೆ. ಮೊದಲ ದಿನವೇ ವಿಚಾರಣೆ ನಡೆಯಿತು.

"ಏನ್ ಕದ್ರಿ ಮೇಸ್ತ್ರಿ?"

"ಬಾಗಿಲು."

"ಅದರ ಹಿಂದೆ ಏನಿತ್ತು?"

"ಭಾವ."

"ಅಯ್ಯೋ, ಹಾಗಾದ್ರೆ ಬಾಗಿಲು ತಂದು ಅವರನ್ನ ಬಿಟ್ಟಿದ್ದೇ ವಾಸಿ ಬಿಡಿ."

ಬಾಗಿಲಿನ ಚರಿತ್ರೆ ನೀವು ದೂರಿನಲ್ಲಿ ಬರೆದಿರಲಾರಿರಿ. ಈ ಪತ್ರಗಳನ್ನು ಮೊದಲು ಓದುವ ಇಲ್ಲಿಯ ಅಧಿಕಾರಿಗಳಿಗಾದರೂ ತಿಳಿಯಲಿ ಎಂದು ಬರೆಯುತ್ತೇನೆ. ಹಳೇ ಶಾಲೆ ಕೆಡವಿದಾಗ ಸಿಕ್ಕ ತೊಲೆಗಳನ್ನು ಸೀಳಿಸಿ, ಅಕ್ಕನ ಮದುವೆಗೆ ಉಡುಗೊರೆಯಾಗಿ ನಾನು ಮಾಡಿಕೊಟ್ಟ ಬಾಗಿಲು ಅದು. ನೀವು ಅದಕ್ಕೆ ಎಣ್ಣೆ ಉಜ್ಜುವ ಬದಲು ಆಸ್ಪತ್ರೆಯ ಹಸಿರು ಬಳಿದಿರಿ. ಗಾಳಿ ತೇವವಾದರೆ ಬಿಗಿಯುತ್ತದೆಂದು ಕಾಲಿನಿಂದ ಒದ್ದಿರಿ. ಈಗ ಉಕ್ಕಿನ ಬಾಗಿಲು ಬರುತ್ತದೆ, ಇದನ್ನು ಗುಜರಿಯವನು ಸೌದೆಗೆ ಒಯ್ಯುತ್ತಾನೆ ಅಂದಿರಿ. ನನಗೆ ಕೊಡಿ ಎಂದು ಕೇಳಿದೆ. "ಬೂದಿಯಾದರೂ ಆಗಲಿ, ನಿನಗೆ ಕೊಡಲ್ಲ" ಎಂದು ಅಂಗಡಿಯಲ್ಲಿ ನಾಲ್ಕು ಗಿರಾಕಿಗಳ ಎದುರು ಹೇಳಿದಿರಿ. ಅವರ ಕಣ್ಣು ಸರಿಯಿರಲಿಲ್ಲ ನಿಜ, ಕಿವಿ ಸರಿಯಾಗಿಯೇ ಇದ್ದವು.

ಸರ್ಕಾರ ನನಗೊಬ್ಬರು ವಕೀಲೆಯನ್ನು ಪುಕ್ಕಟೆ ಕೊಟ್ಟಿದೆ. ಚಿಕ್ಕ ವಯಸ್ಸು, ದೊಡ್ಡ ಚೀಲ. "ಕಳವು ಅನ್ನೋದು ಚರವಸ್ತುವಿಗೆ ಮಾತ್ರ. ಮನೆಗೆ ಅಂಟಿಕೊಂಡಿರೋದು ಸ್ಥಿರಾಸ್ತಿ, ಅದನ್ನ ಕದಿಯೋಕಾಗಲ್ಲ. ನಿಮ್ಮ ಬಾಗಿಲು ಸ್ಥಿರ ಅಂತ ವಾದಿಸ್ತೀನಿ" ಎಂದರು. "ಅಲ್ಲಾಡದೆ ಇದ್ದರೆ ಅದನ್ನ ಗೋಡೆ ಅಂತಾರೆ ಮೇಡಂ. ನಾನು ಮಾಡಿದ ಬಾಗಿಲು ಬೆರಳಲ್ಲಿ ತಳ್ಳಿದ್ರೂ ತಿರುಗುತ್ತೆ" ಎಂದೆ. ಹಣೆ ಒತ್ತಿಕೊಂಡರು. "ಬೇರೇನಾದ್ರೂ ಹೇಳೋದಿದ್ಯಾ? ನಿಮ್ಮ ಜೊತೆ ಇದ್ದವರು ಯಾರು?" ಎಂದರು. ಅವರಿಗೂ ಹೇಳಲಿಲ್ಲ. ನಿಮಗೆ ಹೇಳುತ್ತೇನೆಯೆ?

ಅಕ್ಕನ ಹೆಗಲಿಗೆ ಮುಲಾಮು ತಿಕ್ಕುವುದು ಒಳ್ಳೆಯದೇ. ಸ್ವಲ್ಪ ಬಿಸಿನೀರಿನ ಶಾಖವನ್ನೂ ಕೊಡಿ.

ಒಳಗಿನವನು,
ನಿಮ್ಮ ಭಾಮೈದ

---

ಮಾರ್ಚ್ ೨೨

ಉಳಿಗೆ,

ಹಾಸ್ಟೆಲಿನಲ್ಲಿ ನಿನಗೆ "ಉಳಿ" ಎಂದು ಹೆಸರಿಟ್ಟವನು ನಾನೇ. ಕೈಯಲ್ಲಿ ಸದಾ ಉಳಿ ಇರುತ್ತಿತ್ತು, ಮಂಚದ ಕಾಲುಗಳನ್ನೂ ಕೆತ್ತದೆ ಬಿಡುತ್ತಿರಲಿಲ್ಲ. ಈಗ ಒಂದೇ ಮಾತು: ಉಳಿ, ಅಲ್ಲೇ ಉಳಿ.

ಜಾಮೀನಿಗೆ ಯಾರಾದರೂ ಹೊಣೆ ನಿಲ್ಲಬೇಕಂತೆ. ನಿನ್ನ ಗೆಳೆಯರೊಬ್ಬರು ಅಂಗಡಿಗೆ ಬಂದು, ಎಷ್ಟಾದರೂ ಮನೆಯವರಲ್ಲವೇ, ನೀವೇ ಯಾಕೆ ನಿಲ್ಲಬಾರದು ಎಂದು ಕೇಳಿದರು. ಕಳ್ಳತನವಾಗಿದೆ ಎಂದು ದೂರು ಕೊಟ್ಟವನೇ ಕಳ್ಳನಿಗೆ ಹೊಣೆ! ಅವರ ಕಣ್ಣು ಪರೀಕ್ಷೆ ಮಾಡಿ, ದಪ್ಪ ಗಾಜು ಬರೆದುಕೊಟ್ಟು ಕಳಿಸಿದೆ.

ನಿನಗೆ ಸಂತೋಷವಾಗುವ ಸಂಗತಿಯೊಂದಿದೆ. ಕಳುವಾದ ಮಾಲಿನ ಬೆಲೆ ಒಂದು ಗೆರೆ ದಾಟಿದರೆ ದೊಡ್ಡ ಕಳವು, ದಾಟದಿದ್ದರೆ ಸಣ್ಣ ಕಳವು. ದೊಡ್ಡದಕ್ಕೆ ವರ್ಷಗಳು, ಸಣ್ಣದಕ್ಕೆ ದಂಡ. ಇನ್ಸ್‌ಪೆಕ್ಟರರು ಇದನ್ನು ವಿವರಿಸಿ ನನ್ನ ಮುಖ ನೋಡಿದರು. ಮದುವೆಯಾದಾಗಿನಿಂದ ಅದನ್ನು ಹಲಗೆ, ಹಾಳು ಹಲಗೆ ಎಂದವನು ನಾನು. ಆ ಕ್ಷಣ ಬರೆಸಿದೆ: "ಅಪರೂಪದ ಹಳೆಯ ಮರ, ಮೊಳೆಯಿಲ್ಲದ ಜೋಡಣೆ, ನುರಿತ ಕುಶಲಕರ್ಮಿಯ ಕೈಕೆಲಸ." ನಿನ್ನ ಕೆಲಸವನ್ನು ನಾನು ಹೊಗಳಬೇಕೆಂದು ಇಷ್ಟು ವರ್ಷ ಕಾದಿದ್ದೆಯಲ್ಲ, ತಗೋ! ಸಹಿ ಮಾಡಿ ಹೊಗಳಿದ್ದೇನೆ. ಆ ಹೊಗಳಿಕೆಯ ದೆಸೆಯಿಂದಲೇ ನೀನು ಒಳಗಿರುತ್ತೀಯ.

ಎರಡನೇ ಕಳ್ಳನನ್ನು ಪೊಲೀಸರು ಮರೆತಂತಿತ್ತು. ನಾನು ಮರೆಯಲಿಲ್ಲ. ಅವನನ್ನು ಹುಡುಕಿ ಹಿಡಿಯಲೇಬೇಕೆಂದು ಬೇರೆಯೇ ಅರ್ಜಿ ಕೊಟ್ಟಿದ್ದೇನೆ. ಸರ್ಕಾರಿ ವಕೀಲರಿಗೂ ಒಂದು ಪ್ರತಿ ಹೋಗಿದೆ. ನಿನ್ನ ಜೊತೆ ನನ್ನ ಹೊಸ್ತಿಲಲ್ಲಿ ನಿಂತು ನನ್ನ ಬಾಗಿಲಿಗೆ ಕೈಹಾಕಿದವನು ಯಾರೇ ಆಗಲಿ, ಅವನ ಕೈಗೆ ಬೇಡಿ ಬೀಳುವವರೆಗೆ ನನಗೆ ನಿದ್ದೆಯಿಲ್ಲ. ನಿದ್ದೆ ಹೇಗೂ ಇಲ್ಲ ಅನ್ನು. ಬಾಗಿಲಿದ್ದ ಜಾಗದಲ್ಲಿ ತಗಡಿನ ಹಾಳೆ ಕಟ್ಟಿದ್ದೇನೆ. ಗಾಳಿ ಬೀಸಿದರೆ ಗುಡುಗುತ್ತದೆ. ಉಕ್ಕಿನ ಬಾಗಿಲಿನವನು ಇವತ್ತು ನಾಳೆ ಎನ್ನುತ್ತಿದ್ದಾನೆ.

ಶಾಖ ಕೊಡುವುದನ್ನು ನೀನು ಕಲಿಸಬೇಕಾಗಿಲ್ಲ. ಕೊಡುತ್ತಿದ್ದೇನೆ.

ನಿನ್ನ ಕುಶಲಕರ್ಮವನ್ನು ಅನುಭವಿಸುತ್ತಿರುವ,
ಭಾವ

---

ಏಪ್ರಿಲ್ ೨

ತಮ್ಮಾ,

ಇವರು ಅಂಗಡಿಗೆ ಹೋಗಿದ್ದಾರೆ. ತಗಡನ್ನು ಪಕ್ಕಕ್ಕೆ ಸರಿಸಿ ಬೆಳಕಿನಲ್ಲಿ ಕೂತು ಬರೆಯುತ್ತಿದ್ದೇನೆ. ಓದುವವರು ಬೇರೆಯವರೂ ಇದ್ದಾರೆಂದು ಗೊತ್ತು, ಅದಕ್ಕೇ ಹೆಚ್ಚು ಬರೆಯುವುದಿಲ್ಲ.

ಊಟ ಮಾಡುತ್ತೀಯಾ? ನಿನ್ನ ಕಾರ್ಖಾನೆಯ ಬೀಗ ಹಾಗೇ ಇದೆ, ವಾರಕ್ಕೊಮ್ಮೆ ಹೋಗಿ ನೋಡಿ ಬರುತ್ತೇನೆ. ಅರ್ಧ ಆದ ಆ ಬೀರುವಿನ ಮನೆಯವರು ಬಂದಿದ್ದರು. ಸ್ವಲ್ಪ ದಿನ ಕಾಯುತ್ತೇವೆ ಅಂದರು. ಹಾಗೆ ಹೇಳುವಾಗ ನನ್ನ ಮುಖ ನೋಡಲಿಲ್ಲ.

ನೀನು ಬೇಡ ಅಂದದ್ದನ್ನು ನಾನು ಇನ್ನೂ ಮಾಡಿಲ್ಲ. ಒಂದು ವಾರದಲ್ಲಿ ಎಲ್ಲ ತಣ್ಣಗಾಗುತ್ತೆ ಅಂತ ನೀನೇ ಅಂದಿದ್ದೆ. ಆಯಿತಾ? ಅವತ್ತು ಇವರಿಗೆ ಊಟ ಬಡಿಸುತ್ತ ನಿಧಾನವಾಗಿ ಹೇಳಬೇಕೆಂದು ಮಾತು ಜೋಡಿಸಿಕೊಂಡು ಕೂತಿದ್ದೆ. ಇವರು ಊಟಕ್ಕೆ ಒಳಗೆ ಬರುವ ಮೊದಲೇ ಠಾಣೆಗೆ ಹೋಗಿಬಿಟ್ಟರು. ಆಮೇಲೆ ಪೊಲೀಸರನ್ನು ಕರೆದುಕೊಂಡೇ ಬಂದರು. ಬೂಟು ಹಾಕಿದವರ ಎದುರು ಜೋಡಿಸಿಕೊಂಡ ಮಾತು ಎಲ್ಲಿ ಹೋಯಿತೋ!

ದಿನಾ ಸಂಜೆ ಇವರು ಮುಲಾಮು ಹಿಡಿದು ಕೂರುತ್ತಾರೆ. ನಿನ್ನನ್ನೂ, ಆ ಇನ್ನೊಬ್ಬನನ್ನೂ ಬೈಯುತ್ತ ಬೈಯುತ್ತ ತಿಕ್ಕುತ್ತಾರೆ. ಬೈಗುಳ ಜೋರಾದಷ್ಟೂ ತಿಕ್ಕುವುದು ಜೋರು. ಹೆಗಲು ವಾಸಿಯಾದರೂ ಹೇಗೆ ಆದೀತು?

ನಾನು ಹೇಳಿಬಿಡಲಾ? ಒಂದೇ ಪದ ಬರೆ ಸಾಕು.

ಅಕ್ಕ

---

ಏಪ್ರಿಲ್ ೯

ಅಕ್ಕಾ,

ಬೇಡ.

ನಿನ್ನೊಂದಿಗೆ ಒಂದೇ ಸೂರಿನಡಿ ಇರಬೇಕಾದವರು ಅವರು, ನಾನಲ್ಲ. ಅಲ್ಲದೆ ಈಗ ಆ ಇನ್ನೊಬ್ಬನ ಮೇಲೂ ಅರ್ಜಿ ಇದೆ. ಹೇಳಿದರೆ ಇಲ್ಲಿಗೆ ಇನ್ನೊಂದು ತಟ್ಟೆ ಬರುತ್ತದೆ, ಅಷ್ಟೇ. ಒಂದು ಮನೆಯಿಂದ ಒಬ್ಬರು ಸಾಕು.

ಬೀರುವಿನವರಿಗೆ ಬೇರೆ ಬಡಗಿಯನ್ನು ನೋಡಿಕೊಳ್ಳಲು ಹೇಳು. ಊಟ ಮಾಡುತ್ತೇನೆ.

ಹೆಗಲ ಮೇಲೆ ನೀರಿನ ಕೊಡ ಇಡಬೇಡ.

ತಮ್ಮ

---

ಏಪ್ರಿಲ್ ೨೬

ಸೋಡಾಬುಡ್ಡಿ,

"ನೀವು" ಮುಗಿಯಿತು. ಇವತ್ತು ಮರ್ಯಾದೆಯ ದಾಸ್ತಾನು ಖಾಲಿ.

ನಿನ್ನೆ ಸರ್ಕಾರಿ ವಕೀಲರು ಸಂಧಾನದ ಮಾತು ತಂದರು. ಬಾಗಿಲನ್ನು ನೋಡಲು ತಜ್ಞನೊಬ್ಬನನ್ನು ಕಳಿಸಿದ್ದರಂತೆ. ಅವನು ಗೋಡೆಗೆ ಒರಗಿಸಿಟ್ಟ ನನ್ನ ಬಾಗಿಲನ್ನು ಮುಂದಿನಿಂದ ಮಾತ್ರ ನೋಡಿ ಬರೆದಿದ್ದಾನೆ: "ಹಳೆಯದು, ಸವೆದದ್ದು, ಬಣ್ಣ ಕೆಟ್ಟದ್ದು. ಹೇಳಿಕೊಳ್ಳುವ ಬೆಲೆಯಿಲ್ಲ." ಆದ್ದರಿಂದ ಇದು ಸಣ್ಣ ಕಳವು. ತಪ್ಪೊಪ್ಪಿಕೊಂಡರೆ ದಂಡ ಕಟ್ಟಿ ಅವತ್ತೇ ಮನೆಗೆ ಹೋಗಬಹುದು. ಜೊತೆಗಿದ್ದವನ ಹೆಸರು ಹೇಳಿದರೆ ದಂಡವೂ ಕಡಿಮೆ.

ನನ್ನ ವಕೀಲೆಗೆ ಸಂತೋಷವೋ ಸಂತೋಷ. "ಒಂದು ಮಾತು ಒಪ್ಕೊಂಡ್ಬಿಡಿ, ನಾಳೆ ನಿಮ್ಮ ಕಾರ್ಖಾನೇಲಿ ಇರ್ತೀರಿ."

"ಯಾವ ಮಾತು?"

"ಕದ್ದೆ ಅಂತ."

"ಕಾರ್ಖಾನೇಲಿ ಇದ್ದು ಏನ್ಮಾಡ್ಲಿ ಮೇಡಂ? ಕಿಟಕಿ ಕೂರಿಸೋಕೆ, ಬೀರು ಜೋಡಿಸೋಕೆ ನಾನು ಜನರ ಮನೆ ಒಳಗೆ ಹೋಗ್ಬೇಕು. ಮಲಗೋ ಕೋಣೇಲಿ ನನ್ನನ್ನ ಬಿಟ್ಟು ಅವರು ಮಾರ್ಕೆಟ್ಟಿಗೆ ಹೋಗ್ತಾರೆ. ಬಡಗಿ ಕಳ್ಳ ಅಂತ ಕೋರ್ಟೇ ಬರೆದುಕೊಟ್ಟ ಮೇಲೆ ಯಾರು ಒಳಗೆ ಬಿಡ್ತಾರೆ?"

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು. ಕಾನೂನಿನ ಕಣ್ಣಿಗೆ ಅಡಿಕೆ ಸಣ್ಣ ಕಳವು, ಆನೆ ದೊಡ್ಡ ಕಳವು. ನನಗೆ ಎರಡೂ ಒಂದೇ. ಆದ್ದರಿಂದ ಒಪ್ಪಲಿಲ್ಲ. ಜೂನಿನಲ್ಲಿ ವಿಚಾರಣೆ. ಸೋತರೆ ನಾನು ಹತ್ಯಾರಗಳನ್ನು ಮಾರಬೇಕು, ಕೊಳ್ಳುವವನು ಕದ್ದ ಮಾಲೋ ಏನೋ ಎಂದು ಅನುಮಾನಿಸುತ್ತಾನೆ.

ಇದೆಲ್ಲ ನಿನಗೆ ಹಬ್ಬ ಎಂದು ಗೊತ್ತು. ಉರಿಯುವುದು ಇಷ್ಟೇ: ನನ್ನ ಕೆಲಸಕ್ಕೆ ಬೆಲೆಯಿದೆ ಎಂದು ಈ ಇಡೀ ಕೇಸಿನಲ್ಲಿ ಬರೆದುಕೊಟ್ಟವನು ನೀನೊಬ್ಬನೇ. ಅದೂ ಸುಳ್ಳು ಎಂದುಕೊಂಡು ಬರೆದೆ.

ನಮ್ಮ ಪತ್ರ ಓದುವ ಅಧಿಕಾರಿಗಳು ನಿನ್ನ ಕಾಗದ ಕೊಡುವಾಗ ಅಂದರು: "ನಿಮ್ಮ ಭಾವ ಬರೆಯೋದು ಚೆನ್ನಾಗಿದೆ. ಮನುಷ್ಯ ಚೆನ್ನಾಗಿಲ್ಲ." ಓದುಗರ ಅಭಿಪ್ರಾಯವನ್ನು ಲೇಖಕರಿಗೆ ತಲುಪಿಸಿದ್ದೇನೆ.

ಉಳಿ

---

ಮೇ ೧೭

ಉಳಿ,

ಈ ಪತ್ರವನ್ನು ಅಂಗಡಿಯಿಂದ ಬರೆಯುತ್ತಿದ್ದೇನೆ. ಮೂರು ದಿನದಿಂದ ಇಲ್ಲೇ ಮಲಗುತ್ತಿದ್ದೇನೆ. ಗೋಡೆ ತುಂಬ ಕನ್ನಡಕಗಳು, ಎಲ್ಲವೂ ನನ್ನನ್ನೇ ನೋಡುತ್ತಿವೆ. ಯಾಕೆ ಇಲ್ಲಿದ್ದೇನೆ ಎಂದು ಮುಂದೆ ಹೇಳುತ್ತೇನೆ, ಹೇಳುವಷ್ಟು ಮಾತ್ರ.

ನಿನ್ನ ಮೇಲೆ ಕರುಣೆಯಿಂದಲ್ಲ, ಕೋರ್ಟಿಗೆ ಅಲೆಯುವುದು ಬೇಸರವಾಗಿ, ದೂರು ವಾಪಸು ತೆಗೆದುಕೊಂಡರೆ ಹೇಗೆ ಎಂದು ಸರ್ಕಾರಿ ವಕೀಲರನ್ನು ಸುಮ್ಮನೆ ಕೇಳಿದ್ದೆ. ಸುಮ್ಮನೆ. ಅವರು ನಕ್ಕು, "ದೂರು ನಿಮ್ಮದು ಸಾರ್, ಕೇಸು ಸರ್ಕಾರದ್ದು. ಕೊಡುವಾಗ ನಿಮ್ಮ ಕೈಲಿತ್ತು, ಕೊಟ್ಟ ಮೇಲೆ ನಮ್ಮ ಕೈಲಿದೆ. ಅದೂ ಅಲ್ದೆ ಎರಡನೇ ಕಳ್ಳನನ್ನ ಹಿಡೀರಿ ಅಂತ ಅರ್ಜಿ ಮೇಲೆ ಅರ್ಜಿ ಕೊಟ್ಟೋರು ನೀವೇ. ಇನ್ಸ್‌ಪೆಕ್ಟರು ಈಗ ಬಿಡೋ ಹಾಗಿಲ್ಲ, ಬೀದಿಯವರನ್ನೆಲ್ಲ ವಿಚಾರಿಸ್ತಾ ಇದಾರೆ" ಎಂದರು.

ಬಾಗಿಲನ್ನು ವಿಚಾರಣೆಯವರೆಗೆ ನನ್ನ ವಶಕ್ಕೆ ಕೊಟ್ಟರು. ಕೂರಿಸಬಾರದು, ಬಣ್ಣ ಬಳಿಯಬಾರದು, ಕರೆದಾಗ ತರಬೇಕು ಎಂದು ಬರೆಸಿಕೊಂಡರು. ಠಾಣೆಯ ಹಿಂದಿನ ಕೋಣೆಯಲ್ಲಿ ಅದನ್ನು ಎರಡು ಪೆಟ್ಟಿಗೆಗಳ ಮೇಲೆ ಮಲಗಿಸಿ ಮೇಜು ಮಾಡಿಕೊಂಡಿದ್ದರು. ಮೈತುಂಬ ಚಹಾ ಲೋಟದ ಉಂಗುರಗಳು. ನೀನು ಕೆರೆದು ಬಿಳುಪು ಮಾಡಿದ್ದ ಅರ್ಧದ ಮೇಲೇ ಹೆಚ್ಚು. ನನಗೆ ಸಿಟ್ಟು ಬಂತು. ಯಾಕೆಂದು ಕೇಳಬೇಡ.

ಗಾಡಿಯವನು ಮನೆ ಮುಂದೆ ಇಳಿಸಿ, ಗೇಟಿಗೆ ಒರಗಿಸಿ, ಇನ್ನೊಂದು ಬಾಡಿಗೆ ಇದೆ ಎಂದು ಹೊರಟುಹೋದ. ನಾನೊಬ್ಬನೇ ಎತ್ತಲು ನೋಡಿದೆ. ಬೆರಳು ಸಿಕ್ಕಿಕೊಂಡಿತೇ ಹೊರತು ಬಾಗಿಲು ಮಿಸುಕಲಿಲ್ಲ. ನಾನು ಈ ಜನ್ಮದಲ್ಲಿ ಗಾಜಿಗಿಂತ ಭಾರವಾದದ್ದನ್ನು ಎತ್ತಿದವನಲ್ಲ. ಅಷ್ಟರಲ್ಲಿ ನಿನ್ನ ಅಕ್ಕ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದಳು. ಸೀದಾ ಹೋಗಿ ಇನ್ನೊಂದು ತುದಿ ಹಿಡಿದಳು.

"ಹಾಗಲ್ಲ. ಮೊದಲು ನಿಮ್ಮ ಕಡೆ ಓರೆ ಮಾಡಿ. ಕೆಳಗಿನ ಮೂಲೆ ಮೆಟ್ಟಿಲಿಗೆ ತಾಗುತ್ತೆ, ನೋಡ್ಕೊಳ್ಳಿ. ಹಾಂ, ಈಗ ಎತ್ತಿ. ಭಾರ ಹೆಗಲಿಗೆ ಕೊಡಿ, ಕೈಗಲ್ಲ" ಎಂದಳು.

ತನ್ನ ಬಲ ಹೆಗಲಿಗೆ ಕೊಟ್ಟುಕೊಂಡಳು. ಆ ಹೆಗಲಿಗೆ.

ನಾನು ಎತ್ತಿಹಿಡಿದು ಅಲ್ಲೇ ನಿಂತೆ. ಅವಳೂ ನಿಂತಳು. ನಡುವೆ ಬಾಗಿಲು. ನನಗೆ ಗೊತ್ತಾಯಿತೆಂದು ಅವಳಿಗೂ ಗೊತ್ತಾಯಿತು. ಊರಿಗೆಲ್ಲ ಕನ್ನಡಕ ಕೊಡುವವನ ಮುಖದ ಮೇಲೇ ಒಂದು ಕನ್ನಡಕ ಇತ್ತು ಕಣೋ, ಮೊದಲ ದಿನದಿಂದ.

ಇದರ ಮುಂದೆ ಬರೆಯುವುದಿಲ್ಲ. ಪತ್ರ ಓದುವ ಮಹನೀಯರು ಇನ್ನೊಂದು ಪುಟವಿದೆಯೇ ಎಂದು ಹುಡುಕುವುದು ಬೇಡ.

ನೀವಿಬ್ಬರೂ ಸೇರಿ ನನ್ನನ್ನು ಕೋತಿ ಮಾಡಿದಿರಿ. ಇಷ್ಟು ದಿನ ನನ್ನ ಕೈಯಲ್ಲೇ ಮುಲಾಮು ತಿಕ್ಕಿಸಿಕೊಂಡು! ನಿನ್ನ ಮೇಲಿನ ಸಿಟ್ಟು ಕಡಿಮೆಯಾಗಿಲ್ಲ, ಇಮ್ಮಡಿಯಾಗಿದೆ. ಆದರೆ ಒಂದು ಮಾತು, ಸರಿಯಾಗಿ ಕೇಳು. ಆ ಇನ್ನೊಬ್ಬ ಯಾರು ಎಂದು ಕೇಳಿ ಬರೆದೆನಲ್ಲ. ಹೇಳಬೇಡ. ಇನ್ಸ್‌ಪೆಕ್ಟರು ಕೇಳಲಿ, ನ್ಯಾಯಾಧೀಶರು ಕೇಳಲಿ, ಹೇಳಕೂಡದು. ಇದು ಬೇಡಿಕೆಯಲ್ಲ, ಅಪ್ಪಣೆ.

ಭಾವ

---

ಮೇ ೨೪

ಲೋ ಸೋಡಾಬುಡ್ಡಿ,

ಮಾರ್ಚಿನಿಂದ ನಾನು ಅದನ್ನೇ ಮಾಡುತ್ತಿದ್ದೇನೆ.

ಓದುವ ಅಧಿಕಾರಿಗಳು ನಿನ್ನ ಪತ್ರ ಕೊಡುವಾಗ ಏನೂ ಹೇಳಲಿಲ್ಲ. ತಮ್ಮ ಹೆಗಲನ್ನು ಒಮ್ಮೆ ಮುಟ್ಟಿಕೊಂಡು, ಆಚೆ ನೋಡುತ್ತ ಹೊರಟುಹೋದರು. ಎಷ್ಟಾದರೂ ಅವರು ಮನುಷ್ಯರು.

ಅಂಗಡಿಯಲ್ಲಿ ಸೊಳ್ಳೆ ಕಚ್ಚಲಿ.

ಉಳಿ

---

ಜೂನ್ ೨೦

ಇಬ್ಬರಿಗೂ,

ಒಂದು ಪ್ರತಿ ಕನ್ನಡಕದ ಅಂಗಡಿಗೆ, ಒಂದು ಪ್ರತಿ ಬಡಗಿಯ ಕಾರ್ಖಾನೆಗೆ. ಒಂದೇ ಊರಿನಲ್ಲಿ ಮೂರು ಕಡೆ ಇದ್ದೇವೆ, ಆದ್ದರಿಂದ ಅಂಚೆ. ನೀವಿಬ್ಬರೂ ಇಷ್ಟು ದಿನ ನನ್ನ ಬಗ್ಗೆ ಬರೆದುಕೊಂಡಿರಿ. ಈಗ ನಾನು ನಿಮ್ಮ ಬಗ್ಗೆ ಬರೆಯುತ್ತೇನೆ.

ಕೋರ್ಟಿನಲ್ಲಿ ನೀವು ಕೂತಿದ್ದ ಚೆಂದ ಮರೆಯಲಾರೆ. "ಜೊತೆಗಿದ್ದವನು ಯಾರು?" ಎಂದು ಸರ್ಕಾರಿ ವಕೀಲರು ಕೇಳಿದರೆ ಆರೋಪಿಗೂ ಬಾಯಿಲ್ಲ, ಫಿರ್ಯಾದುದಾರರಿಗೂ ಬಾಯಿಲ್ಲ. ಹಾಸ್ಟೆಲಿನ ಕಾಲದಿಂದ ಒಂದು ವಿಷಯಕ್ಕೂ ಒಪ್ಪದವರು ಅವತ್ತು ಒಂದೇ ಗೋಂದಿನಲ್ಲಿ ತುಟಿ ಅಂಟಿಸಿಕೊಂಡವರ ಹಾಗೆ ಕೂತಿದ್ದಿರಿ. ನಾನು ಹಿಂದಿನ ಬೆಂಚಿನಿಂದ ಎದ್ದೆ.

"ಯಾರಮ್ಮ ನೀವು?" ಎಂದರು ನ್ಯಾಯಾಧೀಶೆ.

"ಬಾಗಿಲಿನ ಇನ್ನೊಂದು ತುದಿ ಹಿಡಿದವಳು ಮೇಡಂ."

ಇಬ್ಬರೂ ತಲೆ ಮೇಲೆ ಕೈಯಿಟ್ಟುಕೊಂಡಿರಿ. ಅಕ್ಕ ಜೈಲಿಗೆ ಹೋದಳು, ಹೆಂಡತಿ ಜೈಲಿಗೆ ಹೋದಳು ಎಂದು! ಅದರ ಹಿಂದಿನ ವಾರವೇ ನಾನು ಹೋಗಿ ಆ ಚಿಕ್ಕ ವಕೀಲೆಯ ಮುಂದೆ ಕೂತು ಎಲ್ಲ ಹೇಳಿದ್ದೆ. ಅವರು ಚೀಲ ಕೆಳಗೆ ಹಾಕಿ, "ಅಯ್ಯೋ, ಇದನ್ನ ಮಾರ್ಚಲ್ಲೇ ಯಾಕೆ ಯಾರೂ ಹೇಳ್ಲಿಲ್ಲ?" ಎಂದಿದ್ದರು.

ನ್ಯಾಯಾಧೀಶೆ ಕೇಳಿದ್ದು ಇಷ್ಟೇ. ಬಾಗಿಲು ಯಾರದು? ನನ್ನ ಮದುವೆಗೆ ನನ್ನ ತಮ್ಮ ನನಗೆ ಕೊಟ್ಟದ್ದು. ಅವನು ಹೇಗೆ ಬಂದ? ಅದು ಸೌದೆಯಾಗುವುದು ಬೇಡವೆಂದು ನಾನೇ ಫೋನು ಮಾಡಿ ಕರೆಸಿದೆ, ನಾನೇ ಒಂದು ಕಡೆ ಹಿಡಿದೆ. "ಒಡತಿಯೇ ಒಪ್ಪಿ ಎತ್ತಿಕೊಟ್ಟ ಮೇಲೆ ಇದರಲ್ಲಿ ಕಳ್ಳತನ ಎಲ್ಲಿ ಬಂತು?" ಎಂದರು ಅವರು. ಮೊದಲ ಕಳ್ಳನೂ ಇಲ್ಲ, ಎರಡನೇ ಕಳ್ಳನೂ ಇಲ್ಲ.

ಪೊಲೀಸರಿಗೆ ನೋಡಿಲ್ಲವೆಂದು ಯಾಕೆ ಹೇಳಿದಿರಿ ಎಂದು ನನ್ನನ್ನು ಗದರಿಸಿದರು. "ನಾನು ಹೇಳ್ಲಿಲ್ಲ ಮೇಡಂ. ಇವರು ಹೇಳಿದ್ರು, ನಾನು ತಲೆ ಆಡಿಸ್ದೆ" ಎಂದೆ. "ಆಡಿಸಿದ ತಲೆ ನಿಮ್ಮದೇ ಅಲ್ವಾ?" ಎಂದರು. ಹೌದು, ನನ್ನದೇ. ಆ ಬೈಗುಳ ನನಗೆ ಸಲ್ಲಬೇಕಾದದ್ದೇ.

ಈಗ ನಿಮಗೆ ಸಲ್ಲಬೇಕಾದದ್ದು.

ರೀ, ಅವತ್ತು ನೀವು ಹೊಸ್ತಿಲು ದಾಟಿ ಅಡುಗೆಮನೆಗೆ ಬಂದಿದ್ದರೆ ಸಾಕಿತ್ತು. ಠಾಣೆ ಎರಡು ಬೀದಿ ಆಚೆ, ಅಡುಗೆಮನೆ ಹತ್ತು ಹೆಜ್ಜೆ. ನಿಮಗೆ ಠಾಣೆಯೇ ಹತ್ತಿರವಾಯಿತು. ದಿನಾ ಹೆಗಲಿಗೆ ಮುಲಾಮು ತಿಕ್ಕಿದಿರಿ, ಹೆಗಲು ಯಾಕೆ ನೋಯುತ್ತಿದೆ ಎಂದು ಒಂದು ದಿನ ಕೇಳಲಿಲ್ಲ.

ತಮ್ಮಾ, ನೀನು ಹುತಾತ್ಮನ ಮುಖ ಮಾಡಬೇಡ. ನನ್ನನ್ನು ಉಳಿಸುತ್ತೇನೆಂದು ಒಳಗೆ ಕೂತೆ. ನನ್ನನ್ನು ಉಳಿಸಲು ವಕೀಲೆಗೆ ಒಂದು ಮಾತು ಹೇಳಿದ್ದರೆ ಆಗುತ್ತಿತ್ತು. ನಾನು ಹೇಳಿಬಿಡಲಾ ಎಂದು ಬಾಯಿಬಿಟ್ಟು ಕೇಳಿದೆ. "ಬೇಡ" ಎಂದು ಬರೆದೆ. ನಿನಗೆ ಭಾವನ ಎದುರು ಗೆದ್ದು ಕೂರಬೇಕಿತ್ತು, ಜೈಲಾದರೂ ಸರಿ. ನಿಮ್ಮಿಬ್ಬರ ಕುಸ್ತಿಗೆ ನನ್ನ ಬಾಗಿಲೇ ಅಖಾಡ.

ನಿನ್ನೆ ಉಕ್ಕಿನ ಬಾಗಿಲು ಕೊನೆಗೂ ಬಂತು. ತಂದ ಇಬ್ಬರು ಗಟ್ಟಿಮುಟ್ಟಾಗಿದ್ದರು. ಅವರ ಕೈಯಲ್ಲೇ ನನ್ನ ಹಳೇ ಬಾಗಿಲನ್ನು ಎತ್ತಿಸಿ ಅದರ ಜಾಗದಲ್ಲಿ ಕೂರಿಸಿದೆ. ಉಕ್ಕಿನದನ್ನು ಅವರ ಜೊತೆಯಲ್ಲೇ ವಾಪಸು ಕಳಿಸಿದೆ. ಈಗ ಅದು ಅರ್ಧ ಹಸಿರು, ಅರ್ಧ ಮರ, ಮೈತುಂಬ ಚಹಾದ ಉಂಗುರ. ಹಾಗೇ ಇರಲಿ. ಯಾರೂ ಬಣ್ಣ ಬಳಿಯುವುದೂ ಬೇಡ, ಕೆರೆಯುವುದೂ ಬೇಡ.

ಬೆರಳಲ್ಲಿ ತಳ್ಳಿದರೂ ತಿರುಗುತ್ತದೆ. ಚಿಲಕ ಒಳಗಿದೆ, ಹಾಕಿಕೊಂಡಿದ್ದೇನೆ.

ಬರುವುದಾದರೆ ಒಬ್ಬೊಬ್ಬರಾಗಿ ಬನ್ನಿ. ಇಬ್ಬರೂ ಒಟ್ಟಿಗೆ ಬಂದರೆ ಮೆಟ್ಟಿಲಲ್ಲೇ ಶುರುಮಾಡುತ್ತೀರಿ. ತಟ್ಟಿ. ಒದೆಯಬೇಡಿ. ಯಾರು ಎಂದು ನಾನು ಕೇಳುತ್ತೇನೆ. ನೀವು ಯಾರೆಂದು ಹೇಳಿದ ಮೇಲೆ ನನ್ನನ್ನೂ ಏನಾದರೂ ಒಂದು ಕೇಳಿ. ಏನು ಕೇಳಬೇಕೆಂದು ನಾನು ಹೇಳಿಕೊಡುವುದಿಲ್ಲ. ಉತ್ತರ ಸರಿಯೆನಿಸಿದರೆ ಅಲ್ಲ, ಪ್ರಶ್ನೆ ಸರಿಯೆನಿಸಿದರೆ ಚಿಲಕ ತೆಗೆಯುತ್ತೇನೆ.

ಬಾಗಿಲಿನ ಒಡತಿ